ಪಕ್ಕದ ಮನೆಯ ಚರ್ಮದ ಡಾಕ್ಟರು ಮತ್ತು ನಮ್ಮ ಸಿಕಮೋರ್

ಸೈಪ್ರೆಸ್ ಎಂಬ ಪರದೇಶದ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಧಾರವಾಡದ ನಿವೃತ್ತ ಚರ್ಮದ ಡಾಕ್ಟರೊಬ್ಬರಿದ್ದರು. ಯಾರು ಏನು ತೋರಿಸಿದರೂ ಕನ್ನಡಕ ಹಣೆಗೇರಿಸಿ, "ಗಾಬರಿ ಆಗಬ್ಯಾಡ್ರಿ" ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ನಮ್ಮ ಅಂಗಳದ ಸಿಕಮೋರ್ ಮರದ ತೊಗಟೆ ಹಪ್ಪಳದಂತೆ ಕಳಚಿ ಬೀಳತೊಡಗಿತು. ಏನೋ ರೋಗವೆಂದು ಹೆದರಿ ಮರ ಕಡಿಯುವವನನ್ನು ಕರೆಸಿದೆ. ಗರಗಸದ ಸದ್ದು ಕೇಳಿದ್ದೇ ತಡ, ಡಾಕ್ಟರು ಬನಿಯನ್ನಿನಲ್ಲೇ ಓಡಿಬಂದು ಮರಕ್ಕೆ ಬೆನ್ನು ಕೊಟ್ಟು ನಿಂತರು.

"ಗಾಬರಿ ಆಗಬ್ಯಾಡ್ರಿ! ಮರ ದಪ್ಪ ಆಗಲಿಕ್ಕತ್ತದ, ಹಳೇ ತೊಗಟಿ ಬಿಗಿ ಆಗೇದ, ಬಿಚ್ಚಿ ಒಗೀತದ. ಅಷ್ಟ!"

ತಾವು ಚರ್ಮದ ಡಾಕ್ಟರೆಂದು ಹೇಳಿ, ಅದನ್ನೇ ಮರ ಕಡಿಯುವವನಿಗೂ ಇಂಗ್ಲಿಷಿನಲ್ಲಿ ವಿವರಿಸಿದರು. ಅವನು ಗರಗಸ ನಿಲ್ಲಿಸಿದ. ಆಮೇಲೆ ಅಂಗಿಯ ತೋಳು ಮಡಚಿ, ಮೊಣಕೈಯ ಕಜ್ಜಿಯನ್ನು ಡಾಕ್ಟರ ಮುಂದೆ ಚಾಚಿದ.