ಅಮರಣ್ಣನ ಸೋಮವಾರ

ಸೋಮವಾರ ಬೆಳಿಗ್ಗೆ ಅಮರಣ್ಣನ ಮುಖ ನೋಡಬೇಕಿತ್ತು. ಉಳಿದ ದಿನ ಪುರಿಯಂತೆ ಉಬ್ಬಿರುತ್ತಿದ್ದ ಕೆನ್ನೆಗಳನ್ನು ಅಂದು ಒಳಕ್ಕೆ ಎಳೆದುಕೊಂಡು, ಹಣೆ ತುಂಬ ವಿಭೂತಿ ಬಳಿದುಕೊಂಡು, ಕಣ್ಣು ಅರ್ಧ ಮುಚ್ಚಿ ಸಿಂಧನೂರಿನ ಬಜಾರದಲ್ಲಿ ನಡೆದು ಬರುತ್ತಿದ್ದ. ಯಾರಾದರೂ ಮಾತನಾಡಿಸಿದರೆ ಬಾವಿಯ ತಳದಿಂದ ಬಂದಂಥ ದನಿ: "ಸೋಮಾರ ಉಪಾಸ ಐತಪಾ. ಮಾತಾಡಾಕೂ ತ್ರಾಣ ಇಲ್ಲ." ಹೆಂಗಸರು ಸೆರಗು ಸರಿಮಾಡಿಕೊಂಡು ದಾರಿ ಬಿಡುತ್ತಿದ್ದರು. ಕೆಲವರು ಕೈಯನ್ನೂ ಮುಗಿಯುತ್ತಿದ್ದರು. ಊರಿನ ಕಡೆಯ ಮನೆ ದಾಟಿ ಮಸ್ಕಿ ರಸ್ತೆಗೆ ಬಿದ್ದು, ಹಿಂದೆ ಮುಂದೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಅದೇ ಅಮರಣ್ಣ ಧೋತರ ಎತ್ತಿ ಕಟ್ಟಿ ಓಡುತ್ತಿದ್ದ. ಓಡುತ್ತಿದ್ದದ್ದು ನಮ್ಮ ಗೆಳೆಯ ಮೌಲಾಸಾಬನ ತೋಟಕ್ಕೆ. ಅಲ್ಲಿ ಭಜಿಗೆ ಎಣ್ಣೆ ಕಾಯುತ್ತಿತ್ತು.

ನಿಜಾಮನ ಕಾಲ. ಕಾಲುವೆ ಇನ್ನೂ ಬಂದಿರಲಿಲ್ಲ, ನಮ್ಮ ಕಡೆ ಎಲ್ಲಿ ನೋಡಿದರೂ ಜೋಳ ಮತ್ತು ಹತ್ತಿ. ಹಸಿರು ಬೇಕಾದವರು ಮೌಲಾಸಾಬನ ಬಾವಿ ತೋಟಕ್ಕೇ ಬರಬೇಕು. ಅಲ್ಲಿ ಅವನು ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಳೆಯುತ್ತಿದ್ದ. ನಾನು ದರ್ಜಿ, ಸೋಮವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿ ನಾನೂ ಹೋಗುತ್ತಿದ್ದೆ. ಅಮರಣ್ಣ ಎತ್ತಿನ ದಲಾಲ. ಲಿಂಗಸುಗೂರಿನಿಂದ ಸಾಲಗುಂದದವರೆಗೆ ಯಾವ ಎತ್ತು ಕೈ ಬದಲಾಯಿಸಿದರೂ ಇವನು ನಡುವೆ ನಿಂತಿರಬೇಕು. ಬೆಲೆಯನ್ನು ಬಾಯಿಬಿಟ್ಟು ಆಡುವ ಪದ್ಧತಿ ಆ ವ್ಯಾಪಾರದಲ್ಲಿ ಇಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಮುಚ್ಚಿ, ಅದರ ಕೆಳಗೆ ಬೆರಳು ಹಿಡಿದೇ ಮಾತು ಮುಗಿಸುತ್ತಾರೆ. ಮುಖದಲ್ಲಿ ಏನೂ ತೋರಿಸದೆ ಕೈಯಲ್ಲಿ ಎಲ್ಲವನ್ನೂ ನಡೆಸುವ ವಿದ್ಯೆ ಅವನಿಗೆ ಕರಗತವಾಗಿತ್ತು.

ಈ ಉಪವಾಸದ ಹಿಂದೆ ಅವನ ಹೆಂಡತಿ ಈರಮ್ಮ ಇದ್ದಳು. ಮದುವೆಯಾದ ಹೊಸದರಲ್ಲಿ ಅಮರಣ್ಣನಿಗೆ ವಾಂತಿಭೇದಿ ಹತ್ತಿ, ಊರವರು ಕೈಬಿಟ್ಟಿದ್ದರು. ಈರಮ್ಮ ಒದ್ದೆ ಸೀರೆಯಲ್ಲಿ ಮಸ್ಕಿಯ ಗುಡ್ಡ ಹತ್ತಿ ಮಲ್ಲಯ್ಯನ ಮುಂದೆ ನಿಂತು, ಗಂಡ ಉಳಿದರೆ ತಾನು ಬದುಕಿರುವವರೆಗೆ ಸೋಮವಾರ ಹೊತ್ತು ಮುಳುಗುವ ತನಕ ಗಂಡ ಹೆಂಡಿರಿಬ್ಬರ ಪಾಲಿನ ಉಪವಾಸವೂ ತಪ್ಪುವುದಿಲ್ಲವೆಂದು ಹರಕೆ ಹೊತ್ತಳು. ಗಂಡ ಉಳಿದ. ಆ ಸೋಮವಾರಗಳೇ ಅವನ ಉಸಿರನ್ನು ಉಳಿಸಿಕೊಂಡು ಬಂದಿವೆ ಎಂದು ಅವಳು ನಂಬಿದ್ದಳು. ಒಂದು ತಪ್ಪಿದರೂ ಮಲ್ಲಯ್ಯ ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುತ್ತಾನೆ ಎಂಬುದು ಅವಳ ಲೆಕ್ಕ.

ಅಮರಣ್ಣನಿಗೆ ಹೆಂಡತಿಯ ಮೇಲೆ ಜೀವ. ಊಟದ ಮೇಲೂ ಅಷ್ಟೇ. "ಮೊದಲನೇ ಸೋಮಾರ ಮಧ್ಯಾಹ್ನದ ಮಟ ತಡದೆ ನೋಡು," ಎಂದು ನಮಗೆ ಹೇಳುತ್ತಿದ್ದ. "ಕಣ್ಣಾಗ ನೀರು ಬಂತು. ಆಕಿ ನೋಡಿ, ಭಕ್ತಿ ಉಕ್ಕಿ ಅಳಾಕತ್ತಾನ ಅಂದ್ಕೊಂಡ್ಳು. ಆ ಮುಖಕ್ಕ ಹೆಂಗ ಹೇಳ್ಲಿ, ನನ್ನ ಕೈಲೆ ಆಗಂಗಿಲ್ಲ ಅಂತ?" ಹೇಳಲಾಗದ್ದಕ್ಕೇ ಅವನು ತೋಟದ ದಾರಿ ಹಿಡಿದದ್ದು. ಹೊಟ್ಟೆಯನ್ನು ಅವನು ತನ್ನ ದೊಡ್ಡಪ್ಪನ ಮಗ ಎನ್ನುತ್ತಿದ್ದ. "ಕರೀದಽ ಬರ್ತಾನ, ಉಣ್ಣದಽ ಹೋಗಂಗಿಲ್ಲ. ನಾ ಏನ್ ಮಾಡ್ಲಿ?"

ಒಮ್ಮೆ ಲಿಂಗಸುಗೂರಿನಲ್ಲಿ ಬಳಗದವರ ಮದುವೆ ಸೋಮವಾರವೇ ಬಿತ್ತು. ಎಲ್ಲರೂ ಎಲೆಯ ಮುಂದೆ ಕುಳಿತಾಗ ಅಮರಣ್ಣ ದೂರದ ಕಂಬಕ್ಕೆ ಒರಗಿ, ದೇಹದಂಡನೆಯಿಂದ ಮನಸ್ಸು ಹೇಗೆ ಹಗುರಾಗುತ್ತದೆ ಎಂದು ಹುಡುಗರಿಗೆ ಬೋಧನೆ ಮಾಡುತ್ತಿದ್ದ. ಅದಕ್ಕೆ ಸ್ವಲ್ಪ ಮೊದಲು ಅಡುಗೆಯವನನ್ನು ಹಿತ್ತಲಲ್ಲಿ ಹಿಡಿದು ಬದನೆಕಾಯಿ ಎಣಗಾಯಿ ಮುಗಿಸಿ ಬಂದಿದ್ದನ್ನು ಬಲ್ಲವನು ನಾನೊಬ್ಬನೇ. ಈರಮ್ಮ ಹತ್ತಿರ ಬಂದು ಮೂಗು ಅರಳಿಸಿದಳು. "ಏನ್ರೀ, ಬಳ್ಳೊಳ್ಳಿ ವಾಸನಿ ಬರಾಕತ್ತೈತಿ?" ಅಮರಣ್ಣ ಕಣ್ಣು ಪೂರ್ತಿ ಮುಚ್ಚಿದ. "ಖಾಲಿ ಹೊಟ್ಟಿ ಐತಿ ನೋಡು, ಊರ ಮಂದಿ ಉಂಡಿದ್ದರ ವಾಸನಿ ಎಲ್ಲಾ ಒಳಗ ಎಳಕೊಳ್ಳಾಕತ್ತೈತಿ." ಅವಳು ಕನಿಕರದಿಂದ ಸೆರಗಿನಲ್ಲಿ ಗಾಳಿ ಹಾಕಿದಳು. ನಾನು ಹೊರಗೆ ಹೋಗಿ ಗೋಡೆ ಹಿಡಿದುಕೊಂಡು ನಕ್ಕೆ.

ಅವನು ಸತ್ತದ್ದೂ ಸೋಮವಾರವೇ, ಮೌಲಾಸಾಬನ ತೋಟದ ಬೇವಿನ ಮರದ ಕೆಳಗೆ. ಹಟಮಾರಿ ಎತ್ತೊಂದರ ಕಥೆ ಹೇಳುತ್ತ, ಅದರ ಹಾಗೇ ತಲೆ ಆಡಿಸಿ ತೋರಿಸುತ್ತ, ಕೈಯಲ್ಲಿ ಬಿಸಿ ಮೆಣಸಿನಕಾಯಿ ಭಜಿ ಹಿಡಿದು ಹೊಟ್ಟೆ ಕುಣಿಸಿ ನಗುತ್ತಿದ್ದ. ನಗು ನಿಂತಿತು. ಎತ್ತಿನ ಆಟ ಮುಂದುವರಿಸಿದ್ದಾನೆ ಎಂದುಕೊಂಡು ನಾವು ಇನ್ನಷ್ಟು ಹೊತ್ತು ನಕ್ಕೆವು. ಆಮೇಲೆ ಮೌಲಾಸಾಬ ಅವನ ಹೆಗಲು ಅಲುಗಿಸಿದ. "ಅರೇ, ಅಮರಣ್ಣ! ಏ ಅಮರಣ್ಣ!"

ಅತ್ತೆವು. ಮನಸಾರೆ ಅತ್ತೆವು. ಅಳು ಇಳಿಯುವುದರೊಳಗೆ ಇಬ್ಬರಿಗೂ ಒಂದೇ ಹೆದರಿಕೆ ಹತ್ತಿತು: ಈರಮ್ಮ. ಗಂಡ ಎಣ್ಣೆ ಬಾಯಲ್ಲಿ ಸತ್ತನೆಂದು ಗೊತ್ತಾದರೆ ಹರಕೆ ಮುರಿದದ್ದಕ್ಕೇ ಸತ್ತ ಎನ್ನುತ್ತಾಳೆ. ಇಷ್ಟು ವರ್ಷ ತಾನು ಒಬ್ಬಳೇ ಹಸಿದು ಕೂತಿದ್ದೆ ಎಂಬುದೂ ತಿಳಿಯುತ್ತದೆ. ಆ ದುಃಖಕ್ಕೆ ತಳವಿಲ್ಲ.

ಮೌಲಾಸಾಬ ಬಾವಿಯ ನೀರು ತಂದು ಅವನ ಮೀಸೆಗೆ ಹತ್ತಿದ ಹಿಟ್ಟನ್ನು ತೊಳೆದ. ನಾನು ಬಾಣಲೆಯನ್ನು ಬದನೆ ಗಿಡಗಳ ಸಾಲಿನಲ್ಲಿ ಬಚ್ಚಿಟ್ಟೆ. ತೊಳೆಯುವಾಗ ಹಣೆಯ ವಿಭೂತಿಯೂ ಹೋಗಿಬಿಟ್ಟಿತ್ತು. ಬೇರೆ ಎಲ್ಲಿಂದ ತರುವುದು? ಭಜಿ ಕರಿದ ಒಲೆಯಲ್ಲೇ ಬೂದಿ ಇತ್ತು. ಮೌಲಾಸಾಬ ಒಂದು ಹಿಡಿ ಬಾಚಿ, ಕಣ್ಣೀರು ಒರೆಸಿಕೊಳ್ಳುತ್ತ ಕೇಳಿದ: "ಎಷ್ಟು ಗೆರಿ ಎಳೀಬೇಕೋ? ಅಡ್ಡನೋ ಉದ್ದನೋ?" ನನಗೆ ಅಳುವಿನ ನಡುವೆಯೇ ನಗು ಉಕ್ಕಿತು. ಅವನಿಗೂ ಬಂತು. ಗೆಳೆಯನ ಹೆಣದ ಎರಡೂ ಕಡೆ ಕೂತು ಇಬ್ಬರೂ ಒಟ್ಟಿಗೆ ನಗುತ್ತಲೂ ಇದ್ದೆವು, ಅಳುತ್ತಲೂ ಇದ್ದೆವು.

ಎಲ್ಲ ಸರಿಯಾಯಿತು, ಬಲಗೈ ಮಾತ್ರ ಮಾತು ಕೇಳಲಿಲ್ಲ. ಅರ್ಧ ಕಚ್ಚಿದ ಭಜಿಯ ಮೇಲೆ ಮುಷ್ಟಿ ಬಿಗಿದಿತ್ತು. ನಾನು ಎಳೆದೆ, ಮೌಲಾಸಾಬ ಬೆರಳು ಸಡಿಲಿಸಲು ನೋಡಿದ. "ಬದುಕಿದ್ದಾಗ ಬಿಟ್ಟವನಲ್ಲ, ಈಗೇನು ಬಿಡ್ತಾನ?" ಎಂದು ಕೊನೆಗೆ ಕೈಚೆಲ್ಲಿದ. ಅಮರಣ್ಣನದೇ ವಲ್ಲಿಯನ್ನು ಮುಷ್ಟಿಗೆ ಸುತ್ತಿ, ಬಂಡಿಯಲ್ಲಿ ಒರಗಿಸಿ ಕೂರಿಸಿ ಊರಿಗೆ ತಂದೆವು.

ಮನೆಯ ಮುಂದೆ ಜನ ಕೂಡಿದರು. ಶಿವಧ್ಯಾನ ಮಾಡುತ್ತ ಕೂತಿದ್ದವನು ಹಾಗೇ ಹೋದ ಎಂದೆವು. ಮಠದ ಅಯ್ಯನವರು ಬಂದು, ವಲ್ಲಿ ಸುತ್ತಿದ ಮುಷ್ಟಿಯನ್ನು ಮುಟ್ಟಿ ನೋಡಿದರು. ನಾನು ವಲ್ಲಿಯ ತುದಿಯನ್ನು ಒತ್ತಿ ಹಿಡಿದೆ. "ವಿಭೂತಿ ಗಟ್ಟಿ ಹಿಡಕೊಂಡಾನ," ಎಂದರು ಅಯ್ಯನವರು ಗದ್ಗದ ದನಿಯಲ್ಲಿ. "ಬಿಡಿಸಬ್ಯಾಡ್ರಿ. ಪುಣ್ಯವಂತ, ಹಂಗಽ ಹೋಗ್ಲಿ." ಜನ ಸಾಲುಗಟ್ಟಿ ಆ ಮುಷ್ಟಿಯನ್ನು ಕಣ್ಣಿಗೆ ಒತ್ತಿಕೊಂಡರು. ಅಮರಣ್ಣ ಭಜಿಯ ಸಮೇತ ಮಣ್ಣಾದ.

ಈರಮ್ಮ ನಮ್ಮಿಬ್ಬರನ್ನು ಒಳಗೆ ಕರೆದು ಕೇಳಿದ್ದು ಒಂದೇ ಮಾತು. "ಖರೇ ಹೇಳ್ರಿ. ಇವತ್ತ ಏನರ ತಿಂದಿದ್ರೇನು?"

"ನೀರೂ ಮುಟ್ಟಿರಲಿಲ್ಲ ಯಕ್ಕಾ," ಎಂದ ಮೌಲಾಸಾಬ. ನಾನು ತಲೆ ಆಡಿಸಿದೆ.

"ಹಂಗಾರ ಹರಕಿ ತಪ್ಪಿಲ್ಲ," ಎಂದು ಅವಳು ಗೋಡೆಗೆ ಒರಗಿದಳು. "ಮಲ್ಲಯ್ಯ ತಾನಽ ಬೇಕಂತ ಕರಕೊಂಡಾನ."

ಮೂರನೆಯ ದಿನ ಗೋರಿಗೆ ಹಾಲು ತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಟ್ಟು, ಕಾಗೆ ಮುಟ್ಟಲೆಂದು ಕಾಯುವುದು ನಮ್ಮ ಕಡೆಯ ವಾಡಿಕೆ. ಮುಟ್ಟದಿದ್ದರೆ ಹೋದವರಿಗೆ ಏನೋ ಕೊರತೆ ಉಳಿದಿದೆ ಎಂದು ಅರ್ಥ. ಈರಮ್ಮ ಹೋಳಿಗೆ, ಕಡುಬು, ಮಾದಲಿ ಎಲ್ಲ ಮಾಡಿ ತಂದಿದ್ದಳು. ಕಾಗೆಗಳು ಜಾಲಿಮರದ ಮೇಲೆ ಕೂತು ಆಕಡೆ ಈಕಡೆ ನೋಡಿದವೇ ಹೊರತು ಇಳಿಯಲಿಲ್ಲ. ಬಿಸಿಲೇರಿತು. "ಏನು ಕಡಿಮಿ ಆತ್ರೀ ನನ್ನಿಂದ?" ಎಂದು ಅವಳು ಗೋರಿಯನ್ನು ಕೇಳತೊಡಗಿದಳು. ಅಷ್ಟರಲ್ಲಿ ಮೌಲಾಸಾಬ ಎಡೆಯ ಮುಂದೆ ಕೂತು ದುವಾ ಮಾಡುವವನಂತೆ ಬಗ್ಗಿ, ಅಂಗಿಯ ಜೇಬಿನಿಂದ ಏನನ್ನೋ ತೆಗೆದು ಹೋಳಿಗೆಯ ಮೇಲಿಟ್ಟು ಹಿಂದೆ ಸರಿದ. ಭಜಿ. ಕಾಗೆಯೊಂದು ನೇರ ಇಳಿದು ಅದನ್ನೇ ಕಚ್ಚಿಕೊಂಡು ಹಾರಿತು.

ಬಂಧುಗಳೆಲ್ಲ ನಿಟ್ಟುಸಿರು ಬಿಟ್ಟರು. ಈರಮ್ಮ ಮಾತ್ರ ಮೌಲಾಸಾಬನ ಕಡೆ ತಿರುಗಿದಳು. "ಭಜಿ? ಅವರಿಗೆ ಭಜಿ ಬೇಕಾಗಿತ್ತಾ?"

"ಭಾಳ ಸೇರ್ತಿತ್ತು ಯಕ್ಕಾ. ಮಂಗಳವಾರ ಗಿಂಗಳವಾರ ತೋಟಕ್ಕ ಬಂದಾಗ ಒಂದೊಂದು ತಿಂತಿದ್ದ."

"ಮನಿಯಾಗ ಒಂದು ದಿನಾ ಬಾಯಿ ಬಿಟ್ಟು ಕೇಳಲಿಲ್ಲ," ಎಂದಳು ಈರಮ್ಮ. ಅಳುತ್ತಿದ್ದವಳ ತುಟಿಯಲ್ಲಿ ಸಣ್ಣ ನಗು ಬಂತು. "ದಿನಾ ಮಾಡಿ ಹಾಕ್ತಿದ್ನಲ್ಲ. ಸೋಮಾರ ಒಂದು ಬಿಟ್ಟು."

ಅವಳು ಕಣ್ಣು ಒರೆಸಿಕೊಂಡು ಮುಂದುವರಿಸಿದಳು: "ಅವರ ಸೋಮಾರ ನಡುವಽ ನಿಂತಾವು. ಮಲ್ಲಯ್ಯಗ ಮಾತು ಕೊಟ್ಟೀನಿ, ನನ್ನ ಪಾಲು ನಾ ಹಿಡೀತೀನಿ. ಅವರ ಪಾಲು ನೀವು ಹಿಡೀರಿ. ಅವರ ಜೋಡಿ ಧ್ಯಾನಕ್ಕ ಕುಂತವರು ನೀವಽ ಅಲ್ಲೇನು?"

ಇಬ್ಬರೂ ಒಪ್ಪಿಕೊಂಡೆವು. ಮೌಲಾಸಾಬ ಸಾಯುವವರೆಗೆ ಹಿಡಿದ. ರಂಜಾನಿನಲ್ಲಿ ಸೋಮವಾರ ಬಂದರೆ, "ಎರಡೂ ದೇವರ ಬಾಕಿ ಒಂದಽ ಹೊತ್ತಿಗೆ ಹರೀತು" ಎಂದು ಖುಷಿಪಡುತ್ತಿದ್ದ. ನಿಜಾಮ ಹೋದ, ಕಾಲುವೆ ಬಂತು, ಜೋಳದ ಹೊಲಗಳಲ್ಲಿ ಭತ್ತ ನಿಂತಿತು. ಈರಮ್ಮ ತುಂಬು ಬಾಳು ಬಾಳಿ, ಗಂಡನ ಹರಕೆ ತಪ್ಪಲಿಲ್ಲವೆಂಬ ಸಮಾಧಾನದಲ್ಲೇ ಕಣ್ಣು ಮುಚ್ಚಿದಳು. ಈಗ ನನ್ನನ್ನು ಕೇಳುವವರು ಯಾರೂ ಇಲ್ಲ. ಆದರೂ ಸೋಮವಾರ ಮಧ್ಯಾಹ್ನ ಹೊಟ್ಟೆ ಚುರುಗುಟ್ಟುವಾಗ ಅಮರಣ್ಣನನ್ನು ಬಾಯಿ ತುಂಬ ಬೈಯುತ್ತ, ಬೈಯುವಾಗ ನಗುತ್ತ, ಹೊತ್ತು ಮುಳುಗಲೆಂದು ಕಾಯುತ್ತೇನೆ. ಆ ಪುಣ್ಯಾತ್ಮ ಹೊತ್ತು ಮುಳುಗುವವರೆಗೆ ಒಂದು ಸೋಮವಾರವೂ ಹಸಿದಿರಲಿಲ್ಲ. ಅವನ ಹೆಸರಿನಲ್ಲಿ ನಾನು ಒಂದನ್ನೂ ತಪ್ಪಿಸಿಲ್ಲ.