ದೇವರ ರೊಕ್ಕ, ಅಕ್ಕನ ಕಾಲು

ಪರದೇಶದಲ್ಲಿ ಅಕ್ಕನ ಕಾಲು ಊದಿಕೊಂಡಾಗ ನಾನು ಅವಳನ್ನು ದವಾಖಾನೆಗೆ ಕರೆದೊಯ್ಯಲಿಲ್ಲ. ಕೈಯಲ್ಲಿ ರೊಕ್ಕವಿತ್ತು, ಆದರೂ ಒಯ್ಯಲಿಲ್ಲ. ಕಡಿಮೆ ಖರ್ಚಿನಲ್ಲಿ ಪರದೇಶ ಸುತ್ತಿ ಬಂದದ್ದು ಹೇಗೆ ಎಂದು ನಮ್ಮ ಯರಗುಪ್ಪಿಯ ಹೆಂಗಸರು ಕೇಳಿದರೆ ನಾನು ಬಾಯಿ ತುಂಬ ಹೇಳುತ್ತಿದ್ದೆ. ಈ ಒಂದು ಖರ್ಚನ್ನು ಹೇಗೆ ಉಳಿಸಿದೆ ಎಂಬುದನ್ನು ಮಾತ್ರ ನುಂಗಿಕೊಳ್ಳುತ್ತಿದ್ದೆ.

ಪರದೇಶವೆಂದರೆ ನೇಪಾಳ. ವಿಮಾನವಿಲ್ಲ, ಪಾಸ್‌ಪೋರ್ಟಿಲ್ಲ. ಹುಬ್ಬಳ್ಳಿಯಿಂದ ಯಾತ್ರೆಯ ಬಸ್ಸು, ಗುರುತಿಗೆ ವೋಟಿನ ಕಾರ್ಡು, ಬುತ್ತಿಗೆ ಖಡಕ್ ರೊಟ್ಟಿ. ಕಾಶಿ ಮುಗಿಸಿ ಪಶುಪತಿನಾಥನವರೆಗೆ. ಅಕ್ಕ ಶಾಂತವ್ವ ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು, ಯಾರು ಕೈಚಾಚಿದರೂ ಕೊಟ್ಟುಬಿಡುವವಳು. ಆದ್ದರಿಂದ ಇಬ್ಬರ ರೊಕ್ಕವೂ ನನ್ನ ಹತ್ತಿರ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಸಂತೆಯಲ್ಲಿ ಮೆಣಸಿನಕಾಯಿ ಮಾರಿ ಲೆಕ್ಕ ಕಲಿತವಳು. ನನ್ನಿಂದ ಒಂದು ರೂಪಾಯಿ ಹೊರಡಬೇಕಾದರೂ ಅದಕ್ಕೆ ಬಹಳ ಧೈರ್ಯ ಬೇಕು.

ಗಡಿ ದಾಟುವುದರಲ್ಲಿ ಒಂದು ಮಜವಿದೆ. ನಮ್ಮ ನೂರು ರೂಪಾಯಿ ಅಲ್ಲಿ ನೂರಾ ಅರವತ್ತಾಗುತ್ತದೆ. ಬಸ್ಸಿನಲ್ಲಿದ್ದವರೆಲ್ಲ ಒಮ್ಮೆಲೇ ಸಾವುಕಾರರಾದರು. ಚಹಾದ ರೇಟು ಕೇಳಿದ ಕೂಡಲೇ ಮತ್ತೆ ಬಡವರಾದರು. ಪರದೇಶದಲ್ಲಿ ಮನುಷ್ಯ ಚಹಾ ಕುಡಿಯುವುದಿಲ್ಲ, ಭಾಗಾಕಾರ ಕುಡಿಯುತ್ತಾನೆ. ನಾನಂತೂ ಗುಟುಕಿಗೊಮ್ಮೆ ಭಾಗಿಸಿದೆ.

ಮುಂದೆ ಐನೂರರ ನೋಟು ನಡೆಯುವುದಿಲ್ಲ, ಇಲ್ಲೇ ಬದಲಿಸಿಕೊಳ್ಳಿ ಎಂದು ಬಸ್ಸಿನ ಮುಖ್ಯಸ್ಥ ಗಡಿಯಲ್ಲೇ ಹೇಳಿದ್ದ. ಆದರೆ ಬದಲಿಸಿಕೊಡುವವನು ತನ್ನ ಪಾಲು ಮುರಿದುಕೊಳ್ಳುತ್ತಿದ್ದ. ನನ್ನ ಜೀವ ಒಪ್ಪಲಿಲ್ಲ. ಸ್ವಲ್ಪ ಮಾತ್ರ ಬದಲಿಸಿ ಉಳಿದ ನೋಟುಗಳನ್ನು ಲಂಗದ ಒಳಜೇಬಿನಲ್ಲೇ ಬಿಟ್ಟು ಹೊಲಿಗೆ ಹಾಕಿದೆ.

ಅದಲ್ಲದೆ ಇನ್ನೊಂದು ಗಂಟಿತ್ತು. ನಮ್ಮ ಕಡೆ ಯಾರಾದರೂ ಯಾತ್ರೆಗೆ ಹೊರಟರೆ, ಹೋಗಲಾಗದವರು ಹತ್ತೋ ಇಪ್ಪತ್ತೋ ಕೈಗಿಟ್ಟು ತಮ್ಮ ಹೆಸರಿನಿಂದ ಹುಂಡಿಗೆ ಹಾಕಲು ಹೇಳುತ್ತಾರೆ. ಮಂಡಿನೋವಿನ ಪಕ್ಕದ ಮನೆ ಗಂಗವ್ವನೂ ಕೊಟ್ಟಿದ್ದಳು. ಎಲ್ಲವನ್ನೂ ಅರಿಶಿನದ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದೆ. ದೇವರ ರೊಕ್ಕ. ಆದರೆ ಎಲ್ಲವೂ ಚಿಲ್ಲರೆ ನೋಟು, ಅಲ್ಲಿ ನಡೆಯುವಂಥ ನೋಟು.

ಕಠ್ಮಂಡುವಿನಲ್ಲಿ ಬಸ್ಸಿನ ಬೇರೆಯವರೆಲ್ಲ ಹೆಚ್ಚಿನ ರೊಕ್ಕ ಕೊಟ್ಟು ಬೆಟ್ಟದ ಇನ್ನೊಂದು ಕ್ಷೇತ್ರಕ್ಕೆ ಜೀಪಿನಲ್ಲಿ ಹೋದರು. ಉಳಿತಾಯವೆಂದು ನಾವಿಬ್ಬರೇ ಧರ್ಮಶಾಲೆಯಲ್ಲಿ ಉಳಿದೆವು. ಅವತ್ತೇ ಅಕ್ಕ ಹೊಳೆಯ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ನೋಡನೋಡುತ್ತ ಹಿಮ್ಮಡಿಯ ಮೇಲಿನ ಗಂಟು ಕುಂಬಳಕಾಯಿಯಾಯಿತು. ಧರ್ಮಶಾಲೆಯವನು ಹತ್ತಿರದ ದವಾಖಾನೆ ತೋರಿಸಿ ಎಲುಬಿನ ಫೋಟೋ ತೆಗೆಸಿರಿ ಎಂದ. ಬದಲಿಸಿದ ರೊಕ್ಕ ಊಟಕ್ಕೇ ಮುಗಿದಿತ್ತು. ನಾನು ಐನೂರರ ನೋಟು ಹಿಡಿದು ಎರಡು ಅಂಗಡಿ ತಿರುಗಿದೆ, ಯಾರೂ ಮುಟ್ಟಲಿಲ್ಲ. ತಿರುಗಿ ಬಂದಾಗ ಅಕ್ಕ ಗೋಡೆಗೆ ಆತು ಹಲ್ಲು ಕಚ್ಚಿ ಕೂತಿದ್ದಳು. ಹುಂಡಿಯ ಗಂಟು ನನ್ನ ಸೊಂಟದಲ್ಲಿತ್ತು, ದವಾಖಾನೆಯ ಖರ್ಚಿಗೆ ಸಾಕಾಗುವಷ್ಟಿತ್ತು.

"ಚಿಲ್ಲರ ಏನರ ಐತೇನ ನೀಲಿ?" ಎಂದಳು.

"ಇಲ್ಲಕ್ಕಾ. ನಮ್ಮ ನೋಟ ಇಲ್ಲಿ ನಡ್ಯಂಗಿಲ್ಲಂತ."

ಮರುದಿನ ಬೆಳಿಗ್ಗೆ ಅವಳನ್ನು ಅಲ್ಲೇ ಮಲಗಿಸಿ, ಗುಡಿಗೆ ಹೋಗಿ, ಒಬ್ಬೊಬ್ಬರ ಹೆಸರು ಹೇಳಿ ಗಂಟನ್ನೆಲ್ಲ ಹುಂಡಿಗೆ ಹಾಕಿ ಬಂದೆ. ಭಕ್ತಿಯೆಂದು ಆಗ ನನಗೆ ನಾನೇ ಹೇಳಿಕೊಂಡೆ. ಊರಿನಲ್ಲಿ ಕೇಳಿದರೆ ಏನು ಹೇಳಲಿ ಎಂಬ ಅಂಜಿಕೆಯೂ ಇತ್ತು. ಇನ್ನೂ ಕೆಳಗೆ ಕೈಹಾಕಿ ನೋಡಿದರೆ ಬರೀ ಜಿಪುಣತನ ಸಿಗುತ್ತದೆ. ದೇವರ ರೊಕ್ಕ ಮುಟ್ಟಿದರೆ ಊರಿಗೆ ಬಂದು ನನ್ನ ಗಂಟಿನಿಂದ ತುಂಬಿಕೊಡಬೇಕಲ್ಲ.

ಜೀಪಿನವರು ಬಂದರು, ಬಸ್ಸು ಹೊರಟಿತು. ಗಡಿ ದಾಟಿದ ಮೇಲೆ ಲಂಗದ ನೋಟುಗಳಿಗೆ ಜೀವ ಬಂತು. ಆದರೆ ದವಾಖಾನೆ ಇರುವ ಊರುಗಳಲ್ಲಿ ಬಸ್ಸು ನಿಲ್ಲಲಿಲ್ಲ, ನಿಲ್ಲಿಸಿರೆಂದು ನಾನೂ ಹೇಳಲಿಲ್ಲ. ಊರಿಗೆ ಬಂದು ತಿಂಗಳಾದರೂ ಊತ ಇಳಿಯದಾಗ ತೋರಿಸಿದೆ. ಹುಬ್ಬಳ್ಳಿಯ ಡಾಕ್ಟರು ಫೋಟೋ ಬೆಳಕಿಗೆ ಹಿಡಿದು ನೋಡಿ, ಮುರಿದ ಎಲುಬು ಸೊಟ್ಟ ಕೂಡಿಕೊಂಡಿದೆ, ಕೂಡಲೇ ತೋರಿಸಬೇಕಿತ್ತು ಎಂದರು. ಸೋಮವಾರ ತಪ್ಪದೆ ಗುಡಿಗೆ ನಡೆದು ಹೋಗುತ್ತಿದ್ದ ಅಕ್ಕ ಈಗ ಬಚ್ಚಲಿಗೂ ಕೋಲು ಹಿಡಿಯುತ್ತಾಳೆ.

ಆ ಕೋಲಿಗಿಂತ ಅವಳ ಮಾತು ನನ್ನನ್ನು ಹೆಚ್ಚು ಕೊಂದಿತು. ನೋಡಲು ಬಂದವರಿಗೆಲ್ಲ, "ನಮ್ಮ ನೋಟ ಅಲ್ಲಿ ನಡೀಲಿಲ್ರಿ, ಪಾಪ ಆಕೀರ ಏನ ಮಾಡ್ಯಾಳು?" ಎಂದು ನನ್ನ ಸುಳ್ಳನ್ನು ತನ್ನ ಬಾಯಿಂದ ಹೇಳುತ್ತಿದ್ದಳು. ಸುಳ್ಳು ಹೇಳುವುದು ಸುಲಭ. ಅದನ್ನು ಒಳ್ಳೆಯವರು ನಂಬಿ, ನಮ್ಮ ಪರವಾಗಿ ವಕಾಲತ್ತು ಮಾಡುವುದನ್ನು ಪಕ್ಕದಲ್ಲಿ ಕೂತು ಕೇಳುವುದಿದೆಯಲ್ಲ, ಅದು ಕಷ್ಟ. ನಾನು ಬಂದವರಿಗೆ ಚಹಾ ಮಾಡುವ ನೆವದಲ್ಲಿ ಎದ್ದು ಹೋಗುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಮನೆಯ ಚಹಾಕ್ಕೆ ಬಹಳ ಹೆಸರು ಬಂತು.

ಒಂದು ಸಂಜೆ ಗಂಗವ್ವ ಒಲೆಯ ತನಕ ನನ್ನ ಹಿಂದೆಯೇ ಬಂದಳು. ತನ್ನ ಹತ್ತರ ನೋಟು ಏನಾಯಿತೆಂದು ಕೇಳಿದಳು. ಹುಂಡಿಗೆ ಹಾಕಿದೆ ಎಂದೆ.

"ಅದನ್ನ ಆಕಿ ಕಾಲಿಗೆ ಹಾಕಿದ್ರ ದೇವರು ಬ್ಯಾಡ ಅಂತಿದ್ನೇನಬೇ?" ಎಂದು ಮೆಲ್ಲಗೆ ಕೇಳಿ, ಚಹಾ ಕುಡಿಯದೆ ಹೋದಳು.

ಅಕ್ಕ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದಳು. ನಾನು ಅವಳ ಕಾಲ ಬಳಿ ನೆಲದ ಮೇಲೆ ಕೂತೆ. ಎಣ್ಣೆ ಹಚ್ಚಲು ಬಂದೆನೆಂದುಕೊಂಡು ಅವಳು ಸೀರೆ ಮೇಲೆ ಸರಿಸಿದಳು. ಸೊಟ್ಟ ಗಂಟಿನ ಮೇಲೆ ಕೈಯಿಟ್ಟೆ.

"ಅಕ್ಕಾ, ಚಿಲ್ಲರ ಇತ್ತು. ಹುಂಡಿ ಗಂಟು ನನ್ನ ಟೊಂಕದಾಗ ಇತ್ತು. ಆ ನೋಟ ನಡೀತಿದ್ವು. ನಾನ ಸುಳ್ಳ ಹೇಳಿದೆ. ತಪ್ಪಾತಕ್ಕಾ, ಹೊಟ್ಟ್ಯಾಗ ಹಾಕ್ಕೊ."