ಮಹಡಿ ಮನೆಯ ಹುಡುಗಿ ಪಾಸಾಗಿರಲಿಲ್ಲ

ಕೆಂಗೇರಿಯಾಚೆಯ ಖಾಸಗಿ ಕಾಲೇಜೊಂದರಲ್ಲಿ ನಾನು ಕ್ಲರ್ಕ್. ನಮ್ಮ ಸಂಸ್ಥೆಗೆ ದೇಶದ ಬೇರೆ ಬೇರೆ ಕಡೆ ಕಾಲೇಜುಗಳಿವೆ. ಕಳೆದ ವರ್ಷ ಆಡಳಿತ ಮಂಡಳಿ ಒಂದು ಪಟ್ಟಿ ಕೇಳಿತು: ವಿದೇಶಿ ವಿದ್ಯಾರ್ಥಿಗಳಲ್ಲಿ ಪದವಿ ಮುಗಿಸುವವರು ಯಾವ ಭಾಗದಲ್ಲಿ ಹೆಚ್ಚಿದ್ದಾರೆ, ಎಲ್ಲಿ ಕಡಿಮೆಯಾಗಿದ್ದಾರೆ? ಬೆಂಗಳೂರೇ ಮುಂದಿರುತ್ತದೆಂದು ನಾವೆಲ್ಲ ನಂಬಿದ್ದೆವು. ಕೂಡಿಸಿ ನೋಡಿದರೆ ಉತ್ತರದ, ಪೂರ್ವದ ಕಾಲೇಜುಗಳು ವರ್ಷ ವರ್ಷವೂ ಮೇಲೇರಿದ್ದವು. ನಮ್ಮದು ಇಳಿಯುತ್ತಲೇ ಬಂದಿತ್ತು. ಎಲ್ಲೋ ತಪ್ಪಾಗಿರಬೇಕೆಂದು ಒಂದೊಂದೇ ಹೆಸರು ನೋಡುತ್ತಾ ಬಂದೆ. ಒಂದು ಹೆಸರಿನ ಮುಂದೆ ‘ಪೂರ್ಣಗೊಳಿಸಿಲ್ಲ’ ಎಂದಿತ್ತು. ಅದು ನನಗೆ ಚೆನ್ನಾಗಿ ಗೊತ್ತಿದ್ದ ಹೆಸರು.

ಮೂಡಲಪಾಳ್ಯದ ನಮ್ಮ ಮನೆಯ ಮಹಡಿಯಲ್ಲಿ ಮೂರು ವರ್ಷ ಬಾಡಿಗೆಗಿದ್ದು ನಮ್ಮ ಕಾಲೇಜಿನಲ್ಲೇ ಓದಿದ ತಾಂಜಾನಿಯಾದ ಹುಡುಗಿ ಅವಳು. ಅವಳಿಗೆ ಕನ್ನಡ ಕಲಿಸಿದ್ದು ನಮ್ಮತ್ತೆ. ಅವಳು ಊರಿಗೆ ಹೊರಟ ದಿನ ಅತ್ತೆ ಸೀರೆ ಕೊಟ್ಟು, ‘ನಮ್ಮನೆ ಮಗು ಡಿಗ್ರಿ ಮುಗಿಸ್ತು’ ಅಂತ ಅಕ್ಕಪಕ್ಕದವರಿಗೆಲ್ಲ ಮೈಸೂರುಪಾಕು ಹಂಚಿದ್ದರು.

ಫೈಲು ತೆಗೆಸಿದೆ. ಹಾಜರಾತಿ ಕಡಿಮೆಯೆಂದು ಕೊನೆಯ ಎರಡು ಪರೀಕ್ಷೆಗೆ ಅವಳನ್ನು ಕೂರಿಸಿರಲಿಲ್ಲ. ಪರೀಕ್ಷೆಗೆ ಕೂರಿಸಬಾರದವರ, ಬರೀ ರೋಲ್ ನಂಬರುಗಳಿದ್ದ ಆ ಪಟ್ಟಿ ಟೈಪ್ ಮಾಡಿದವಳು ನಾನೇ. ಅವಳು ಬಾರದ ದಿನಾಂಕಗಳನ್ನು ಒಂದೊಂದಾಗಿ ಓದಿದೆ. ಅತ್ತೆ ಆಸ್ಪತ್ರೆಯಲ್ಲಿದ್ದ ದಿನಗಳವು. ನನಗೆ ರಜೆ ಸಿಗದೆ, ಹಗಲು ಅವರ ಜೊತೆ ಅವಳೇ ಇದ್ದಳು. ‘ಕ್ಲಾಸಿಲ್ಲ ಆಂಟಿ’ ಎಂದಿದ್ದನ್ನು ನಾನು ನಂಬಿದ್ದೆ.

ಫೋನ್ ಮಾಡಿದೆ. “ಯಾಕೆ ಹೇಳ್ಲಿಲ್ಲ ಕಣೇ?”

“ಅಜ್ಜಿ ಸ್ವೀಟ್ ಹಂಚ್ತಾ ಇದ್ರು ಆಂಟಿ. ಹೇಗೆ ಹೇಳ್ಲಿ?”

“ಆಸ್ಪತ್ರೇಲಿದ್ದೆ ಅಂತ ಕಾಲೇಜಿಗೆ ಒಂದು ಲೆಟರ್ ಕೊಟ್ಟಿದ್ರೆ ಸಾಕಾಗಿತ್ತಲ್ಲೇ!”

“ಯಾರಿಗೆ ಕೊಡೋದು ಅಂತ ಗೊತ್ತಿರ್ಲಿಲ್ಲ.”

ಮೂರು ವರ್ಷ ನನ್ನ ತಲೆಯ ಮೇಲೇ ಇದ್ದ ಹುಡುಗಿ. ಅಂಥ ಲೆಟರ್ ಬಂದು ಸೇರುವುದು ನನ್ನ ಮೇಜಿಗೇ. ವಿಷಯ ತಿಳಿದ ಅತ್ತೆ ತಟ್ಟೆ ಸರಿಸಿ, “ನನ್ನಿಂದ ಮಗು ಫೇಲಾಯ್ತಾ?” ಎಂದರು.

ಮರುದಿನವೇ ಆಸ್ಪತ್ರೆಯ ಕಾಗದಗಳನ್ನು ಹಿಡಿದು ಪ್ರಿನ್ಸಿಪಾಲರ ಮುಂದೆ ನಿಂತೆ. ನಾಲ್ಕಾರು ಸಲ ಅಲೆದ ಮೇಲೆ ಅವಳು ಆ ಎರಡು ಪರೀಕ್ಷೆ ಬರೆಯಲು ಅನುಮತಿ ಸಿಕ್ಕಿತು. ಅವಳು ಬಂದಳು, ನಮ್ಮ ನಡುಮನೆಯಲ್ಲೇ ಉಳಿದು ಓದಿದಳು, ಎರಡೂ ಪತ್ರಿಕೆ ಪಾಸು ಮಾಡಿದಳು.

ಮಂಡಳಿಯ ಪಟ್ಟಿಯಲ್ಲಿ ‘ಪೂರ್ಣಗೊಳಿಸಿಲ್ಲ’ ಎಂದೇ ಉಳಿದುಹೋದ ಬೇರೆ ಹೆಸರುಗಳೂ ಇದ್ದವು. ಅವರ ಹಳೆಯ ನಂಬರುಗಳಿಗೆ ಫೋನ್ ಮಾಡಿ ನೋಡಿದೆ. ಹೆಚ್ಚಿನವು ಚಾಲ್ತಿಯಲ್ಲಿರಲಿಲ್ಲ.